ಮಾವನಿಲ್ಲದ ಮನೆ ಬೇಕಾಗಿದೆ

ನಾಲ್ಕು ಎಕರೆ ಅಡಿಕೆ ತೋಟ, ಸ್ವಂತ ಮನೆ, ಕಾರು, ಒಬ್ಬನೇ ಮಗ, ತಂದೆ ಇಲ್ಲ. ವಧೂವರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಂಥದ್ದು ಕಂಡರೆ ಕೊನೆಯ ಎರಡು ಪದಗಳಿಗೆ ಮರುಗಬೇಡಿ. ವರನ ಅರ್ಹತೆಗಳಲ್ಲಿ ಕಾರಿಗಿಂತ ಮೇಲಿನದು ಅದು. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವ ಉಳಿಯುವುದಿಲ್ಲ ಎಂಬುದು ನಂಬಿಕೆ. ಹಾಗಾಗಿ ಅಂಥ ಹುಡುಗಿಯನ್ನು ಕೊಡಬೇಕಾದರೆ ಗೋಡೆಯ ಮೇಲೆ ಹಾರ ಹಾಕಿದ ಮಾವನ ಫೋಟೋ ಇರಬೇಕು. ಜೀವಂತ ಮಾವ, ಅದರಲ್ಲೂ ದಿನಾ ಬೆಳಿಗ್ಗೆ ಸೊಸೈಟಿಯವರೆಗೆ ನಡೆದು ಹೋಗಿಬರುವ ಗಟ್ಟಿಮುಟ್ಟಾದ ಮಾವ, ಸಂಬಂಧಕ್ಕೆ ದೊಡ್ಡ ಅಡ್ಡಿ.

ಮೂಲಾ ಎಂದರೆ 27 ನಕ್ಷತ್ರಗಳಲ್ಲಿ 19ನೆಯದು. ಧನು ರಾಶಿಯ ಮೊದಲ 13 ಡಿಗ್ರಿ 20 ಕಲೆ ಇದರ ಜಾಗ. ಅಧಿದೇವತೆ ನಿರೃತಿ, ಅಧಿಪತಿ ಕೇತು, ಗಣ ರಾಕ್ಷಸ, ಯೋನಿ ನಾಯಿ, ಗುರುತು ಬೇರಿನ ಕಟ್ಟು. ಆಕಾಶದಲ್ಲಿ ಹುಡುಕಿದರೆ ಚೇಳಿನ ಬಾಲ. ಆ ಬಾಲದ ತುದಿಯಲ್ಲಿ ಹೊಳೆಯುವ ಚುಕ್ಕಿಯ ಬೆಳಕು ಇಲ್ಲಿಗೆ ತಲುಪಲು ಐನೂರು ವರ್ಷಕ್ಕೂ ಹೆಚ್ಚು ಬೇಕು. ಈ ರಾತ್ರಿ ಕಾಣುವ ಬೆಳಕು ಅಲ್ಲಿಂದ ಹೊರಟಾಗ, 1499ರಲ್ಲಿ ತಲೆಯೆತ್ತಿದ ಕೆಳದಿ ಸಂಸ್ಥಾನ ಇನ್ನೂ ಹುಟ್ಟಿರಲಿಲ್ಲ. ಅಷ್ಟು ದೂರದಿಂದ ಗುರಿಯಿಟ್ಟು, ನಡುವೆ ಸಿಕ್ಕ ಯಾರಿಗೂ ತಾಗದಂತೆ, ಸಾಗರ ತಾಲ್ಲೂಕಿನ ಒಬ್ಬ ಮಾವನನ್ನೇ ಹೊಡೆದುರುಳಿಸುವುದು ಸಾಮಾನ್ಯ ಕೆಲಸವೇ? ಆ ಚುಕ್ಕಿಯ ಕಷ್ಟವನ್ನೂ ಯಾರಾದರೂ ಯೋಚಿಸಬೇಕು.

ಮಾವಂದಿರನ್ನು ಕರೆದೊಯ್ಯಲು ಮಲೆನಾಡಿನಲ್ಲಿ ಬೇರೆ ದಾರಿಗಳಿಲ್ಲವೆಂದೇನಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇದೆ. ಅದನ್ನು ಹರಡುವ ಉಣುಗು ಸೊಸೆಯ ಜಾತಕ ಕೇಳಿ ಕಚ್ಚುವುದಿಲ್ಲ. ಆಗುಂಬೆ ಘಾಟಿಯ ತಿರುವುಗಳಿವೆ, ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳವಿದೆ. ಆದರೂ ಎಫ್‌ಐಆರ್ ಬೀಳುವುದು ಸೊಸೆಯ ನಕ್ಷತ್ರದ ಮೇಲೆ.

ಚಂದ್ರ ಒಂದೊಂದು ನಕ್ಷತ್ರದಲ್ಲಿ ಇರುವುದು ಸುಮಾರು ಒಂದು ದಿನ. ಹುಟ್ಟುವಾಗ ಅವನಿದ್ದದ್ದೇ ಜನ್ಮನಕ್ಷತ್ರ. ಅವನು ಮೂಲಾದಲ್ಲಿರುವ ದಿನ ಶಿವಮೊಗ್ಗದ ಹೆರಿಗೆ ವಾರ್ಡುಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳೆಲ್ಲರೂ ಕಣ್ಣು ಬಿಡುವ ಮೊದಲೇ ಆರೋಪಿಗಳು. ಪಕ್ಕದ ತೊಟ್ಟಿಲಿನ ಗಂಡುಮಗುವಿಗೆ ಮಾತ್ರ ನಿರೀಕ್ಷಣಾ ಜಾಮೀನು. ತಮಾಷೆಯೆಂದರೆ ಜೋಯಿಸರು ಕಣ್ಣಿಗೊತ್ತಿಕೊಳ್ಳುವ 'ಮುಹೂರ್ತ ಚಿಂತಾಮಣಿ' ಈ ದೋಷವನ್ನು ಹೆಣ್ಣು ಗಂಡು ಇಬ್ಬರಿಗೂ ಹೇಳಿದೆ. ಮೂಲಾ ನಕ್ಷತ್ರದ ಅಳಿಯ ಬಂದನೆಂದು ಹೆಣ್ಣಿನ ತಂದೆ ಹಿತ್ತಿಲ ಬಾಗಿಲಿನಿಂದ ಓಡಿದ್ದನ್ನು ಕೇಳಿದ್ದೀರಾ? ಶ್ಲೋಕದ ಆ ಭಾಗವನ್ನು ಗೆದ್ದಲು ತಿಂದಿರಬೇಕು. ನಕ್ಷತ್ರದ ನಾಲ್ಕು ಪಾದಗಳಲ್ಲಿ, ಅಂದರೆ ಕಾಲುಭಾಗಗಳಲ್ಲಿ, ನಾಲ್ಕನೆಯದಕ್ಕೆ ದೋಷವಿಲ್ಲ ಎಂಬ ಸಾಲು ಮಾತ್ರ ಭದ್ರವಾಗಿ ಉಳಿದಿದೆ. ಹುಡುಗಿಗೆ ಬೆಂಗಳೂರಿನಲ್ಲಿ ಒಳ್ಳೆಯ ಸಂಬಳವಿದ್ದರೆ ಅವಳು ಹುಟ್ಟಿದ ಗಳಿಗೆಯೇ ಹದಿನೆಂಟು ಗಂಟೆ ಮುಂದೆ ಸರಿದು ಮೊದಲ ಪಾದದಿಂದ ನಾಲ್ಕನೆಯದಕ್ಕೆ ಬಂದು ಕೂರುತ್ತದೆ. ಇದೇ ಮೂಲಾ ನಕ್ಷತ್ರ ನವರಾತ್ರಿಯಲ್ಲಿ ಸರಸ್ವತಿಯ ಆವಾಹನೆಗೆ ಪ್ರಶಸ್ತ. ದೇವಿ ಬಂದು ಪೀಠದ ಮೇಲೆ ಪುಸ್ತಕವಾಗಿ ಕುಳಿತಿರುತ್ತಾಳೆ, ಮಾತಾಡುವುದಿಲ್ಲ, ಹಾಗಾಗಿ ಅಪಾಯವಿಲ್ಲ.

ಮೂಲಾ ನಕ್ಷತ್ರದವರ ಗುಣವೇ ಬುಡ ಕೆದಕುವುದು ಎನ್ನುತ್ತಾರೆ ಜೋಯಿಸರು. ಯಾವುದನ್ನೂ ಮೇಲಿಂದ ಒಪ್ಪುವವರಲ್ಲ, ಬೇರಿನ ತನಕ ಹೋಗುತ್ತಾರೆ. ನನಗೆ ಇಡೀ ವ್ಯವಹಾರ ಅರ್ಥವಾದದ್ದು ಇಲ್ಲಿ. ಅಡಿಕೆ ಮಾರಿದ ದುಡ್ಡು ಎಲ್ಲಿ ಹೋಯಿತು, ಸೊಸೈಟಿಯ ಸಾಲ ಎಷ್ಟು, ಪಹಣಿ ಯಾರ ಹೆಸರಿನಲ್ಲಿದೆ ಎಂದು ಕೇಳುವ ಸೊಸೆ ಮನೆಗೆ ಬಂದರೆ ಯಾವ ಮಾವನಿಗೆ ತಾನೇ ಎದೆ ಹಿಡಿದುಕೊಳ್ಳುವುದಿಲ್ಲ?

ಈಗ ಕಾಲ ತಿರುಗಿದೆ. ತೋಟದ ಮನೆಯ ಹುಡುಗರಿಗೆ ಹೆಣ್ಣು ಕೊಡುವವರಿಲ್ಲ. ಹಿಂದೆ ಗಂಡಿನ ಕಡೆಯವರು ಬೀಸುತ್ತಿದ್ದ ಮೂಲಾ ದೋಷವನ್ನು ಈಗ ಹೆಣ್ಣಿನ ಕಡೆಯವರೇ ಬೀಸುತ್ತಾರೆ. 'ನಮ್ಮವಳದು ಮೂಲಾ, ನಿಮ್ಮ ಯಜಮಾನರಿಗೆ ತೊಂದರೆಯಾಗಬಾರದಲ್ಲ' ಎಂದರೆ ಮುಗಿಯಿತು. ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಒಂದು ಕಾಲದಲ್ಲಿ ಮೂಲಾ ಜಾತಕಗಳನ್ನು ಬಿಚ್ಚದೆಯೇ ಹಿಂದಿರುಗಿಸುತ್ತಿದ್ದವರು. ಮಗನಿಗೆ ನಲವತ್ತು ಸಮೀಪಿಸಿದ ಮೇಲೆ ತಾವೇ ಜೋಯಿಸರ ಜಗುಲಿ ಹತ್ತಿದರು.

"ಜೋಯಿಸರೇ, ಮೂಲಾ ಆದರೂ ಆಗಲಿ. ನನ್ನದೇನು, ಉದುರುವ ಹಣ್ಣೆಲೆ. ಮಗನ ಮದುವೆ ನೋಡಿ ಹೋದರೆ ಸಾಕು."

"ಹುಡುಗಿ ಒಪ್ಪಿದ್ದಾಳೆ ರಾಯರೇ. ನಕ್ಷತ್ರದ ಮಾತೇ ಎತ್ತಲಿಲ್ಲ. ತೋಟದ ಪಹಣಿಯ ಒಂದು ಪ್ರತಿ ಕಳಿಸಿ ಎಂದಿದ್ದಾಳೆ."

ರಾಯರು ಕನ್ನಡಕ ಹಾಕಿಕೊಂಡು ಜಾತಕವನ್ನು ಕೈಗೆತ್ತಿಕೊಂಡರು. "ಮೂಲಾ ಎಂದರೆ, ಯಾವ ಪಾದ?"