ಅವರ ಹೊಲ, ನಮ್ಮ ದಾರಿ

ಇಂಗ್ಲೆಂಡ್‌ನ ಗುಡ್ಡಸೀಮೆ ಕಾಟ್ಸ್‌ವೋಲ್ಡ್ಸ್ ನೋಡಲು ಬಂದವರಲ್ಲಿ ಬಹಳಷ್ಟು ಜನ ಬೋರ್ಟನ್-ಆನ್-ದ-ವಾಟರ್‌ನಲ್ಲೇ ಠಿಕಾಣಿ ಹೂಡುತ್ತಾರೆ. ಊರ ನಡುವೆ ವಿಂಡ್‌ರಶ್ ಹೊಳೆ, ಮೊಣಕಾಲೂ ಮುಳುಗದಷ್ಟು ನೀರು. ಮೇಲೆ ಪುಟ್ಟ ಪುಟ್ಟ ಕಲ್ಲು ಸೇತುವೆ. ಒಂದೊಂದು ಸೇತುವೆಗೂ ಫೋಟೊ ತೆಗೆಸಿಕೊಳ್ಳುವವರ ಕ್ಯೂ. ಚೆನ್ನಾಗಿದೆ, ಇಲ್ಲ ಅನ್ನೋದಿಲ್ಲ. ಆದರೆ ನನಗೆ ಊರುಗಳಿಗಿಂತ ಒಂದೂರಿಂದ ಇನ್ನೊಂದೂರಿಗೆ ಹೋಗುವ ಕಾಲುದಾರಿಯೇ ಜಾಸ್ತಿ ಇಷ್ಟ. ಇಲ್ಲಿಂದ ಲೋಯರ್ ಸ್ಲಾಟರ್, ಅಲ್ಲಿಂದ ಅಪ್ಪರ್ ಸ್ಲಾಟರ್. ಹರಟುತ್ತಾ ಹೋದರೂ ಒಂದೂವರೆ ಗಂಟೆ ಸಾಕು.

ಲೋಯರ್ ಸ್ಲಾಟರ್‌ನ ಹಳೇ ಗಿರಣಿ ದಾಟಿದರೆ ದಾರಿ ಸೀದಾ ಯಾರದೋ ಹುಲ್ಲುಗಾವಲಿಗೆ ನುಗ್ಗುತ್ತದೆ. ನಮ್ಮ ಕಡೆ ಹೀಗೆ ಕಾಲಿಟ್ಟರೆ ದೂರದಿಂದಲೇ ‘ಯಾರ್ರೀ ಅದು?’ ಅಂತ ದನಿ ಬರುತ್ತದೆ, ಅಲ್ವಾ? ಇಲ್ಲಿ ಕಂಬಕ್ಕೆ ಹೊಡೆದ ಹಳದಿ ಬಾಣವೇ ‘ಬನ್ನಿ’ ಅನ್ನುತ್ತದೆ. ಜಮೀನು ಅವರದು, ನಡೆಯುವ ಹಕ್ಕು ಎಲ್ಲರದು. ಗೋಧಿ ಹೊಲದ ನಡುವೆ ಇಂಥ ದಾರಿ ಇದ್ದರೆ ರೈತ ಉಳಬಹುದು, ಬಿತ್ತಬಹುದು. ಆದರೆ ಬಿತ್ತನೆಗೆ ನೆಲ ಕೆದಕಿದ 14 ದಿನದೊಳಗೆ ದಾರಿಯನ್ನು ಮತ್ತೆ ಸರಿಮಾಡಿ ಕೊಡಬೇಕು, ಅಗಲ ಒಂದು ಮೀಟರ್‌ಗೆ ಕಡಿಮೆ ಇರಕೂಡದು. ಹಾಗಾಗಿ ಎದೆಮಟ್ಟದ ಪೈರಿನ ನಡುವೆ ಬೈತಲೆಯಂಥ ಗೆರೆ.

ಒಂದು ದಾರಿಯಲ್ಲಿ ಜನ 20 ವರ್ಷ ತಡೆಯಿಲ್ಲದೆ, ಕದ್ದುಮುಚ್ಚದೆ, ಯಾರ ಅಪ್ಪಣೆಯನ್ನೂ ಕೇಳದೆ ಓಡಾಡಿದ್ದರೆ ಸಾಮಾನ್ಯವಾಗಿ ಅದನ್ನು ಸಾರ್ವಜನಿಕ ದಾರಿ ಅಂತಲೇ ಕಾನೂನು ಎಣಿಸುತ್ತದೆ. ಸುಮ್ನೆ ನಡೆದೇ ಗಳಿಸಿದ ಆಸ್ತಿ! ಹಾಗಂತ ಎಲ್ಲವೂ ಸುಲಭಕ್ಕೆ ಸಿಕ್ಕಿದ್ದಲ್ಲ. 1932ರಲ್ಲಿ ಡರ್ಬಿಶೈರ್‌ನ ಕಿಂಡರ್ ಸ್ಕೌಟ್ ಗುಡ್ಡಕ್ಕೆ, ನಡೆಯುವ ಹಕ್ಕು ಕೇಳಿ, ಬೇಕಂತಲೇ ಅಪ್ಪಣೆಯಿಲ್ಲದೆ ನುಗ್ಗಿದವರಲ್ಲಿ ಕೆಲವರು ಜೈಲು ಕಂಡರು. ಊರೂರಿನ ಕಾಲುದಾರಿಗಳನ್ನು ನಕ್ಷೆಯಲ್ಲಿ ಗುರುತಿಸಿಡಬೇಕು ಅಂತ ಕಾಯ್ದೆ ಬಂದದ್ದು 1949ರಲ್ಲಿ. ಈಗ ನಾವು ಅಂಗಡಿಯಲ್ಲಿ ಕೊಳ್ಳುವ ಆರ್ಡ್‌ನೆನ್ಸ್ ಸರ್ವೆಯ (ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ) ‘ಎಕ್ಸ್‌ಪ್ಲೋರರ್’ ನಕ್ಷೆಯಲ್ಲಿ ಅವೆಲ್ಲ ಹಸಿರು ತುಂಡುಗೆರೆಗಳು.

ಹೊಲದಿಂದ ಹೊಲಕ್ಕೆ ದಾಟುವಲ್ಲಿ ಕಿಸ್ಸಿಂಗ್ ಗೇಟ್ ಸಿಗುತ್ತದೆ. ಅರ್ಧಚಂದ್ರಾಕಾರದ ಬೇಲಿಯ ಬಾಯಿಗೆ ಒಂದು ಒಂಟಿ ಕದ. ಕದವನ್ನು ಮುಂದೆ ತಳ್ಳಿ ಒಳಗೆ ನಿಲ್ಲಬೇಕು, ಮೂಲೆಗೆ ಒತ್ತಿಕೊಂಡು ಅದನ್ನು ಹಿಂದಕ್ಕೆ ಬಿಟ್ಟು ಆಚೆ ನುಸುಳಬೇಕು. ಒಂದು ಸಲಕ್ಕೆ ಒಬ್ಬರು. ಬೆನ್ನ ಮೇಲಿನ ಬ್ಯಾಗ್ ದಪ್ಪಗಿದ್ದರೆ ಸಿಕ್ಕಿಕೊಳ್ಳುವುದು ಗ್ಯಾರಂಟಿ. ಚಿಲಕ ಹಾಕಲು ಮರೆತರೂ ಕುರಿ ತಪ್ಪಿಸಿಕೊಳ್ಳೋದಿಲ್ಲ. ಮನುಷ್ಯರ ಮರೆವನ್ನು ಚೆನ್ನಾಗಿ ಬಲ್ಲ ಬಡಗಿಯೇ ಇದನ್ನು ಮಾಡಿರಬೇಕು.

ಕುರಿಗಳೇನೋ ಪಾಪದವು. ದನಗಳ ಮಾತು ಬೇರೆ. ಹಸುವಿನ ಮೈದಡವಿ ಬೆಳೆದ ನಮಗೆ ಯಾವ ಭಯ ಅಂತ ಜಂಬ ಪಡಬಾರದು. ಕರು ಜೊತೆಗಿದ್ದರೆ ಇಲ್ಲಿನ ಹಸುಗಳು ಅಟ್ಟಿಸಿಕೊಂಡು ಬಂದರೂ ಬಂದಾವು. ಆಗ ನಾಯಿ ಜೊತೆಗಿದ್ದವರು ನಾಯಿಯ ಹಗ್ಗ ಬಿಟ್ಟುಬಿಡಬೇಕಂತೆ. ಹಸುವಿಗೆ ಸಿಟ್ಟು ನಾಯಿಯ ಮೇಲೆ, ನಾಯಿ ಹೇಗೂ ಓಡಿ ಬಚಾವಾಗುತ್ತದೆ. ನನ್ನ ಹತ್ತಿರ ನಾಯಿ ಇಲ್ಲ. ಬಿಡಲೇಬೇಕು ಅಂದರೆ ಬ್ಯಾಗಿನಲ್ಲಿರುವ ಚಿತ್ರಾನ್ನದ ಡಬ್ಬಿಯನ್ನೇ ಬಿಡಬೇಕು.