ಬ್ರ್ಯಾಂಡೆಡ್‌ಗೆ ದುಡ್ಡು ಬೇಕು, ಅಸೆಂಬಲ್ಡ್‌ಗೆ ನೆಂಟರು

ಮಂಗಳೂರಿನಲ್ಲಿ ಡೆಸ್ಕ್‌ಟಾಪ್ ತಗೊಳ್ಳಬೇಕು ಅಂತ ಬಾಯಿ ಬಿಟ್ಟರೆ ಸಾಕು, "ನಮ್ಮ ಒಬ್ಬ ಹುಡುಗ ಇದ್ದಾನೆ, ಅಸೆಂಬಲ್ ಮಾಡಿ ಕೊಡ್ತಾನೆ" ಅನ್ನುವವರು ಸಿಕ್ಕೇ ಸಿಗುತ್ತಾರೆ. ವಿಚಾರಿಸಿದರೆ ಆ ಹುಡುಗ ದುಬೈಗೆ ಹೋಗಿ ವರ್ಷಗಳಾಗಿರುತ್ತವೆ. ನಮ್ಮಲ್ಲಿ ಹಾಗಲ್ಲ, ಹುಡುಗ ಮನೆಯಲ್ಲೇ ಇದ್ದ. ನನ್ನ ಅಕ್ಕನ ಮಗ, ಇಂಜಿನಿಯರಿಂಗ್ ಓದುತ್ತಿದ್ದಾನೆ.

ಅವನ ಅಪ್ಪನದ್ದು, ಅಂದರೆ ನಮ್ಮ ಭಾವನದ್ದು, ಜೆರಾಕ್ಸ್ ಅಂಗಡಿ. ಅಲ್ಲಿರುವುದು ಬ್ರ್ಯಾಂಡೆಡ್ ಕಂಪ್ಯೂಟರ್. ಒಂದು ಡಬ್ಬ, ಒಂದು ಬಿಲ್, ಒಂದು ವಾರಂಟಿ. ಮನೆಗೂ ಅಂಥದ್ದೇ ಬರಲಿ ಅಂತ ಅವರ ಹಟ.

"ಎಂತ ಭಾವ, ಇವನಿಗೆ ಮರ್ಲಾ, ಹುಚ್ಚಾ? ಇಡೀ ಕಂಪ್ಯೂಟರೇ ಸಿಗುವಾಗ ಬಿಡಿ ಸಾಮಾನು ತಂದು ಜೋಡಿಸುದು ಎಂತಕ್ಕೆ?" ಅಂತ ಭಾವ ನನ್ನನ್ನೇ ಕೇಳಿದರು. ಅವರೂ ನನ್ನನ್ನು ಭಾವ ಅಂತಲೇ ಕರೆಯುವುದು.

"ಅಪ್ಪ, 1981ರಲ್ಲಿ ಬಂದ ಐಬಿಎಂ ಪಿಸಿಯೇ ಒಂಥರಾ ಅಸೆಂಬಲ್ಡ್. ಪ್ರೊಸೆಸರ್ ಇಂಟೆಲ್‌ನದ್ದು, ಅದನ್ನು ನಡೆಸುವ ಡಾಸ್ ಸಾಫ್ಟ್‌ವೇರ್ ಮೈಕ್ರೋಸಾಫ್ಟ್‌ನದ್ದು."

"ಹೌದಲ್ಲ, ಅವರೇ ಜೋಡಿಸಿ ಆಯ್ತಲ್ಲ. ನೀನು ಪುನಃ ಯಾಕೆ ಜೋಡಿಸುದು?"

ಈ ಮಾತಿಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಅಕ್ಕ ಮಗನ ಪಕ್ಷ. ಅಲ್ಲಿಗೆ ಚರ್ಚೆ ಮುಗಿಯಿತು.

ಸಾಮಾನು ಸ್ವಲ್ಪ ಹಂಪನಕಟ್ಟೆಯ ಅಂಗಡಿಯಿಂದ ಬಂತು, ಸ್ವಲ್ಪ ಬೆಂಗಳೂರಿನಿಂದ ಪಾರ್ಸೆಲ್. ಜೋರು ಮಳೆಗಾಲ. ಗುಡ್ಡ ಜರಿದು ಶಿರಾಡಿ ಘಾಟಿ ಬಂದ್ ಆಯಿತು. ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಘಟ್ಟದ ಮೇಲೆ, ಕ್ಯಾಬಿನೆಟ್ ಘಟ್ಟದ ಕೆಳಗೆ. ಅಷ್ಟು ದಿನ ನಾವು ಊಟಕ್ಕೆ ಕೂರಬೇಕಾದ ಮೇಜಿನ ಮೇಲೆ ಮದರ್‌ಬೋರ್ಡ್ ಮಲಗಿತ್ತು, ನಾವು ನೆಲದ ಮೇಲೆ ಕೂತು ಉಂಡೆವು.

ಜೋಡಿಸುವ ದಿನ ಮನೆಯಲ್ಲಿ ಯಾರೂ ಸೀನಬಾರದು ಅಂತ ಅಳಿಯನ ಆರ್ಡರ್. ಪ್ರೊಸೆಸರನ್ನು ಬೋರ್ಡಿಗೆ ಸೇರಿಸುವ ಸಣ್ಣ ಪಿನ್ನುಗಳದ್ದೇ ಅವನಿಗೆ ಭಯ. ಮೊದಲೆಲ್ಲ ಆ ಪಿನ್ನುಗಳು ಪ್ರೊಸೆಸರಿನ ಕೆಳಗೆ ಇರುತ್ತಿದ್ದವು. ಇಂಟೆಲ್ 2004ರಲ್ಲಿ ಡೆಸ್ಕ್‌ಟಾಪಿನವನ್ನು ಮದರ್‌ಬೋರ್ಡಿನ ಸಾಕೆಟ್‌ಗೆ ಸಾಗಿಸಿತು. ಅದರ ಎದುರಾಳಿ ಎಎಂಡಿ 2022ರಲ್ಲಿ ಎಎಂ5 ಎಂಬ ಸಾಕೆಟ್ ತಂದಾಗ ಅದೇ ದಾರಿ ಹಿಡಿಯಿತು. ಒಂದು ಪಿನ್ ಬಗ್ಗಿದರೂ ಬೋರ್ಡೇ ಹೋಗಬಹುದು ಅಂತ ಅವನು ಹೇಳಿದ್ದೇ ಹೇಳಿದ್ದು, ಅಜ್ಜಿ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಕೂತರು.

ಸ್ವಿಚ್ ಹಾಕಿದ. ಫ್ಯಾನ್ ತಿರುಗಿತು. ಕೆಂಪು, ನೀಲಿ, ಹಸಿರು ಲೈಟುಗಳು ಓಡಾಡಿದವು. ಮಾನಿಟರ್ ಮಾತ್ರ ಕಪ್ಪು.

"ಚೌತಿಗೆ ಗಣಪತಿ ಕೂರಿಸ್ಲಿಕ್ಕೆ ಆಗ್ತದೆ" ಅಂದರು ಭಾವ.

ಆಮೇಲೆ ಶುರುವಾಯಿತು ನೆಂಟರ ಕೆಲಸ. ಪಕ್ಕದ ಮನೆಯವರು ಅರ್ಥಿಂಗ್ ಸರಿ ಇಲ್ಲ ಅಂದರು. ಅವರು ಯಾವ ತೊಂದರೆಗೂ ಅದನ್ನೇ ಹೇಳುವುದು. ಕುವೈತಿನ ತಮ್ಮ ವಿಡಿಯೋ ಕಾಲ್‌ನಲ್ಲಿ ಬಂದು ರ‍್ಯಾಮ್ ತೆಗೆದು ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿಸಿದ. ಅದು ಮೊದಲೇ ಅಲ್ಲೇ ಇತ್ತು. ಅಜ್ಜಿ ಉಪ್ಪು ಮೆಣಸು ನಿವಾಳಿಸಲು ಎದ್ದರು. ಕೊನೆಗೆ ಹಂಪನಕಟ್ಟೆಯ ಅಂಗಡಿಗೆ ಫೋನ್.

"ಪ್ರೊಸೆಸರ್ ನಂಬರಿನ ಕೊನೆಗೆ ಎಫ್ ಉಂಟಾ?"

"ಉಂಟು."

"ಹಾಗಾದ್ರೆ ಪಿಕ್ಚರ್ ಬರುದಿಲ್ಲ ಮಾರಾಯ್ರೆ."

ಇಂಟೆಲ್‌ನಲ್ಲಿ ಎಫ್ ಅಂತ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಅದಕ್ಕೇ ರೇಟು ಸ್ವಲ್ಪ ಕಡಿಮೆ. ಬೋರ್ಡಿನ ಹಿಂದೆ ಎಚ್‌ಡಿಎಂಐ ಪೋರ್ಟ್ ಇದ್ದರೂ ಕೇಬಲ್ ಸಿಕ್ಕಿಸಿ ಸುಮ್ನೆ ಕೂರಬೇಕಷ್ಟೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಅಳಿಯ ನನ್ನನ್ನು ನೋಡಿದ. "ಮಾವ..." ಅಂದ. ಉಳಿತಾಯ ಮಾಡಿದ್ದರ ಎಷ್ಟೋ ಪಾಲು ಜಾಸ್ತಿ ನನ್ನ ಜೇಬಿನಿಂದ ಹೋಯಿತು.

ಈಗ ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿದೆ. ಆದರೆ ರ‍್ಯಾಮಿಗೆ ಒಂದು ವಾರಂಟಿ, ಬೋರ್ಡಿಗೆ ಇನ್ನೊಂದು, ಎಸ್‌ಎಂಪಿಎಸ್‌ಗೆ ಮತ್ತೊಂದು. ಅಟ್ಟದ ತುಂಬ ಖಾಲಿ ಡಬ್ಬಗಳು, ಬಿಸಾಡುವಂತಿಲ್ಲ. ಬಿಲ್ಲುಗಳಂತೂ ಥರ್ಮಲ್ ಪೇಪರಿನವು. ನಮ್ಮ ಊರಿನ ಸೆಕೆಗೆ, ತೇವಕ್ಕೆ ಅಕ್ಷರ ಆಗಲೇ ಮಾಸುತ್ತಿದೆ. ಭಾವ ಅವನ್ನೆಲ್ಲ ಜೆರಾಕ್ಸ್ ಮಾಡಿಕೊಟ್ಟರು, ನಗುತ್ತಲೇ.

ಆ ನಗು ದೀಪಾವಳಿಯವರೆಗೆ ಇತ್ತು. ಒಂದು ಸಂಜೆ ಜೋರು ಗುಡುಗು ಬಂತು, ಮರುದಿನ ಅಂಗಡಿಯ ಕಂಪ್ಯೂಟರ್ ಏಳಲಿಲ್ಲ. ಎಸ್‌ಎಂಪಿಎಸ್ ಹೋಗಿದೆ. "ಒಂದು ಗಂಟೆಯಲ್ಲಿ ತಂದು ಹಾಕ್ತೇನೆ ಅಪ್ಪ" ಅಂತ ಅಳಿಯ ಹೊರಟ. ಮುಚ್ಚಳ ತೆಗೆದು ನೋಡಿದರೆ ಅಳತೆಯೂ ಬೇರೆ, ಕನೆಕ್ಟರೂ ಬೇರೆ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ತಂದದ್ದರಿಂದ ಒಬ್ಬರ ಬೋರ್ಡ್ ಇನ್ನೊಬ್ಬರ ಕ್ಯಾಬಿನೆಟ್ಟಿಗೆ ಕೂರುತ್ತದೆ. ಬ್ರ್ಯಾಂಡೆಡ್‌ನವರು ಎಷ್ಟೋ ಸಲ ಅದನ್ನು ಬಿಟ್ಟು ತಮ್ಮದೇ ಅಳತೆ ಮಾಡಿಕೊಳ್ಳುತ್ತಾರೆ. ಕಂಪನಿಯ ಹುಡುಗ ಬಂದ, ಫೋಟೋ ತೆಗೆದ, ಪಾರ್ಟ್ ಬೆಂಗಳೂರಿನಿಂದ ಬರಬೇಕು ಅಂದ. ಭಾವ ಗುಡುಗಿನ ಮಾತನ್ನೇ ಎತ್ತಲಿಲ್ಲ. ಸಿಡಿಲಿಗೆ ವಾರಂಟಿ ಸಿಗುವುದಿಲ್ಲ ಅಂತ ಅವರಿಗೆ ಗೊತ್ತು.

ಅಷ್ಟರಲ್ಲಿ ಮದುವೆ ಸೀಸನ್. ಕಾಗದದ ಡಿಟಿಪಿ ಕೆಲಸ ರಾಶಿ ಬಿದ್ದಿದೆ. ಭಾವ ರಾತ್ರಿಯೆಲ್ಲ ಮಗನ ಕಂಪ್ಯೂಟರಿನ ಬಣ್ಣದ ಬೆಳಕಿನಲ್ಲಿ ಕೂತು "ಚಿ. ರಾ." ಟೈಪ್ ಮಾಡುತ್ತಾರೆ. ಅಳಿಯ ಅಪ್ಪನಿಗೆ ಪುಟಕ್ಕೆ ಇಷ್ಟು ಅಂತ ಬಿಲ್ ಹಾಕುತ್ತಿದ್ದಾನೆ, ಜೆರಾಕ್ಸ್ ಅಂಗಡಿಯವರ ಮಗ ಅಲ್ವಾ. ಗ್ರಾಫಿಕ್ಸ್ ಕಾರ್ಡಿನ ದುಡ್ಡನ್ನು ಆ ಸಂಪಾದನೆಯಿಂದಲೇ ತೀರಿಸುತ್ತಾನಂತೆ. ಬೆಂಗಳೂರಿನ ಪಾರ್ಟ್ ಇನ್ನೂ ಸ್ವಲ್ಪ ದಿನ ಬಾರದೆ ಇರಲಿ ಅಂತ ನಾನು ಕದ್ರಿ ಮಂಜುನಾಥನಿಗೆ ಹೇಳಿಕೊಂಡಿದ್ದೇನೆ.