ಫಿಲ್ಟರ್ ಕೊಡವುವ ಪ್ರಸಂಗ

ಸರ್ವೀಸಿಗೆ ಬಿಟ್ಟ ಕಾರನ್ನು ತರಲು ಹೋದಾಗ ಗ್ಯಾರೇಜಿನ ಹುಡುಗ ಕೆಟ್ಟ ಸುದ್ದಿ ತಂದವನ ಮುಖ ಮಾಡಿಕೊಂಡು, ಏರ್ ಫಿಲ್ಟರನ್ನು ಎತ್ತಿ ಹಿಡಿದು, “ಹೆಂಗಾಗೈತಿ ನೋಡ್ರಿ ಸರ್” ಎಂದ. ಸಂಡೂರು–ಹೊಸಪೇಟೆ ರಸ್ತೆಯಲ್ಲಿ ದಿನವೂ ಅದಿರಿನ ಲಾರಿಗಳ ಹಿಂದೆ ತೆವಳುವ ಗಾಡಿಯ ಫಿಲ್ಟರ್ ಮತ್ತೆ ಹೇಗಾಗಬೇಕಿತ್ತು? ಕಾಗದದ ಮಡಿಕೆಗಳೆಲ್ಲ ಕುಂಕುಮದ ಭರಣಿಯಲ್ಲಿ ಹೊರಳಾಡಿ ಬಂದಂತಿದ್ದವು. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ತಕರಾರಿರಲಿಲ್ಲ. ಅವನು ಅದನ್ನು ಸಿಮೆಂಟು ಕಟ್ಟೆಗೆ ನಾಲ್ಕು ಸಲ ಬಡಿದು, ಧೂಳು ಕೂತ ಮಗ್ಗುಲಿನಿಂದಲೇ ಗಾಳಿ ಪೈಪು ಹಿಡಿದ. ಒಳಗಿನಿಂದ ಹೊರಕ್ಕೆ ಊದಬೇಕಪ್ಪಾ, ಇಲ್ಲವಾದರೆ ಧೂಳು ಕಾಗದದೊಳಕ್ಕೇ ಹೊಗುತ್ತದೆ ಎಂದೆ. “ಎಲ್ಲಾರ ಗಾಡಿಗೂ ಹಿಂಗೇ ಮಾಡ್ತೀವ್ರಿ” ಎಂದ.

ನಮ್ಮ ಚಿಕ್ಕಪ್ಪನಾಗಿದ್ದರೆ ಆ ಪೈಪನ್ನು ಕಿತ್ತುಕೊಳ್ಳುತ್ತಿದ್ದರು. ಅವರ ಹಳೆಯ ಜೀಪಿನಲ್ಲಿದ್ದುದು ಎಣ್ಣೆ ಬಟ್ಟಲಿನ ಫಿಲ್ಟರ್. ಒಳನುಗ್ಗಿದ ಗಾಳಿ ಎಣ್ಣೆಯ ಮೇಲೆ ಥಟ್ಟನೆ ತಿರುಗುವಾಗ, ಅಷ್ಟು ಚುರುಕಿಲ್ಲದ ಧೂಳು ಎಣ್ಣೆಗೆ ಬೀಳುತ್ತಿತ್ತು. ಅಳಿದುಳಿದದ್ದು ಮೇಲಿನ ತಂತಿಯ ಜಾಲರಿಗೆ ಅಂಟುತ್ತಿತ್ತು. ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ಪೂಜೆಗೆ ಕೂತವರಂತೆ ಅಂಗಳದಲ್ಲಿ ಕಾಲು ಮಡಿಚಿ, ಬಟ್ಟಲು ಬಿಚ್ಚಿ, ತಳದಲ್ಲಿ ಸಂಗಟಿಯ ಹದಕ್ಕೆ ಬಂದಿದ್ದ ಕೆಂಪು ರಾಡಿಯನ್ನು ಕೆರೆದು, ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗುರುತಿನ ಗೆರೆಯವರೆಗೆ ಹೊಸ ಎಣ್ಣೆ ಸುರಿಯುತ್ತಿದ್ದರು. ಗೆರೆ ದಾಟಿದರೆ ಇಂಜಿನ್ ಆ ಎಣ್ಣೆಯನ್ನೂ ಎಳೆದುಕೊಳ್ಳುತ್ತದೆಂಬ ಭಯಕ್ಕೆ ಉಸಿರು ಬಿಗಿಹಿಡಿದಿರುವಾಗ ಮಾತಾಡಿಸಿದವರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಒಮ್ಮೆ ರಾಡಿ ಕೆರೆಯಲು ಚಿಕ್ಕಮ್ಮನ ಉಪ್ಪಿನಕಾಯಿ ಚಮಚವನ್ನೇ ಒಯ್ದರು. ಚಿಕ್ಕಮ್ಮ ಮೂರು ದಿನ ಅವರೊಡನೆ ಮಾತು ಬಿಟ್ಟಿದ್ದರು. ನಾಲ್ಕನೆಯ ದಿನ ಅವರು ಮಾತಾಡಿದಾಗಲೇ ಬಿಟ್ಟಿದ್ದರೆಂಬುದು ಚಿಕ್ಕಪ್ಪನಿಗೆ ತಿಳಿದದ್ದು.

ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಪೆಟ್ರೋಲಿಗೆ ದುಡ್ಡು ಕೊಡುತ್ತೇವೆ, ಗಾಳಿಯೊಡನೆ ಅದಿರು ಪುಕ್ಕಟೆಯಾಗಿ ಬರುತ್ತದೆ. ಹೊದಿಸಬೇಕಾದ ತಾಡಪಾಲನ್ನು ಸುರುಳಿ ಸುತ್ತಿ ಕ್ಯಾಬಿನ್ನಿನ ಮೇಲೆ ದಿಂಬಿನಂತೆ ಇಟ್ಟುಕೊಂಡು ಓಡುವ ಲಾರಿಗಳನ್ನು ಕಂಡಾಗ ನನ್ನ ಬಾಯಿಂದ ಬರುವ ಮಾತುಗಳನ್ನು ಇಲ್ಲಿ ಬರೆಯಲಾಗದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ನಮ್ಮ ಫಿಲ್ಟರುಗಳಿಗೂ ಕೆಲಕಾಲ ರಜೆ ಸಿಕ್ಕಿತ್ತು.

ಹಟಕ್ಕೆ ಬಿದ್ದು ಹೊಸ ಫಿಲ್ಟರನ್ನೇ ಹಾಕಿಸಿಕೊಂಡು ಹೊರಟೆ. ತುಸು ಧೂಳು ಕೂತ ಕಾಗದ ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ ಎಂಬುದು ದಾರಿಯಲ್ಲಿ ನೆನಪಾಯಿತು. ಇದು ವಯಸ್ಸಾದವರಿಗೂ ಹೊಂದುವ ಮಾತಲ್ಲವೇ ಎಂದು ಎಳೆ ಹಿಡಿದು ಯೋಚಿಸತೊಡಗಿದ್ದೆ. ಅಷ್ಟರಲ್ಲಿ ತಿರುವಿನಲ್ಲಿ ತಾಡಪಾಲಿಲ್ಲದ ಲಾರಿಯೊಂದು ಎದುರಾಯಿತು. ಕಿಟಕಿಯ ಗಾಜು ಏರಿಸುವ ಗಡಿಬಿಡಿಯಲ್ಲಿ ಎಳೆ ತಪ್ಪಿಹೋಯಿತು.